ಮೂರು ಕಲ್ಲಿನ ಗುರುತು

ಪದ್ಮಾವತಿ ಅಂಜುಬುರುಕಿ ಎಂಬುದು ಸಿಂಧನೂರಿನ ಅವಳ ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ಹಲ್ಲಿ ಲೊಚಗುಟ್ಟಿದರೆ ಕುರ್ಚಿ ಬಿಟ್ಟು ಏಳುವವಳು. ರೆಕಾರ್ಡ್ ರೂಮಿಗೆ ಒಬ್ಬಳೇ ಕಾಲಿಡುವವಳಲ್ಲ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದರೂ ಅಂಚಿನಿಂದ ನಾಲ್ಕು ಮಾರು ದೂರವೇ ನಿಂತು, ಗಾಳಿಗೆ ಹಾರಿ ಕೆಳಗೆ ಬಿದ್ದ ಬಟ್ಟೆಯನ್ನು ಬಗ್ಗಿ ನೋಡದೆ, ಮೆಟ್ಟಿಲಿಳಿದು ಬೀದಿಗೆ ಹೋಗಿ ಹುಡುಕುತ್ತಿದ್ದಳು. ಪಕ್ಕದ ಟೇಬಲ್ಲಿನ ಶಿವಬಸಮ್ಮ, "ಪದ್ಮಕ್ಕಾ, ನಿಮ್ಮ ನೆರಳು ನಿಮ್ಮ ಹಿಂದ ಬರಾಕತ್ತೈತಿ, ಜ್ವಾಕಿ" ಎಂದು ಚಾಷ್ಟಿ ಮಾಡಿದರೆ, ಪಾಪ, ಒಮ್ಮೆ ಹಿಂದಕ್ಕೆ ತಿರುಗಿಯೂ ನೋಡಿದ್ದಳು.

ಇಂಥ ಹೆಣ್ಣುಮಗಳು ಡಿಸೆಂಬರಿನ ಒಂದು ಭಾನುವಾರ ಮೊದಲ ಬಸ್ಸು ಹಿಡಿದು ಮಸ್ಕಿಯ ಗುಡ್ಡ ಹತ್ತಲು ಹೊರಟಳೆಂದರೆ ಅದು ಮಾವ ವಿರೂಪಾಕ್ಷಪ್ಪನವರ ಮಾತಿಗೆ ಅಂಜಿ. ಹತ್ತು ವರ್ಷದ ಮಗಳು ಸಂಘಮಿತ್ರಾಳಿಗೆ ಅಶೋಕನ ಶಾಸನ ತೋರಿಸಬೇಕು, ಗುಡ್ಡದ ಎರಡನೇ ಕೋಡಿನ ಮೇಲೆ ನಿಲ್ಲಿಸಿ ಸೂರ್ಯ ಹುಟ್ಟುವುದನ್ನು ತೋರಿಸಬೇಕು ಎಂದು ಮುದುಕರು ತಿಂಗಳಿಂದ ಹಟ ಹಿಡಿದಿದ್ದರು. ಗಂಡ ಭೀಮೇಶನಿಗೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿ. ಅತ್ತೆ ಅಮರಮ್ಮನಿಗೆ ಮೊಣಕಾಲು ನೋವು. ಅತ್ತೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, "ಹುಡುಗಿ ಕೈ ಬಿಡಬ್ಯಾಡವ್ವಾ" ಎಂದಷ್ಟೇ ಹೇಳಿ ಬಾಗಿಲಲ್ಲಿ ನಿಂತರು.

ವಿರೂಪಾಕ್ಷಪ್ಪ ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು. ಹುಟ್ಟಿದ್ದು ಮಸ್ಕಿ. ಚಡ್ಡಿ ಹಾಕುವ ವಯಸ್ಸಿನಲ್ಲಿ ಕಂಡವರ ಆಡು ಕಾಯುತ್ತ ಇದೇ ಗುಡ್ಡ ತಿರುಗಿದವರು. ಮೂವತ್ತು ದಾಟುವ ಹೊತ್ತಿಗೆ ಮನೆಮಂದಿಯೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡರು. ಅಂದಿನಿಂದ ಆ ಮನೆಯಲ್ಲಿ ಹರಕೆ ಇಲ್ಲ, ತಾಯತ ಇಲ್ಲ, ರಾಹುಕಾಲ ಇಲ್ಲ. ಅದೆಲ್ಲ ಪದ್ಮಾವತಿಗೆ ಒಪ್ಪಿಗೆಯೇ. ಆದರೆ ಮಾವನೆಂದರೆ ಅವಳ ಜೀವ ಅಂಗೈಯಲ್ಲಿರುತ್ತಿತ್ತು. ಅವರು ಎಂದೂ ಬೈದವರಲ್ಲ, ದನಿ ಏರಿಸಿದವರೂ ಅಲ್ಲ. ನಗುತ್ತಿದ್ದರು! ಮಗ ಹೊಸ ಗಾಡಿ ತಂದಾಗ ಅಮರಮ್ಮ ಅದಕ್ಕೊಂದು ಲಿಂಬೆಹಣ್ಣು ಕಟ್ಟಿದ್ದರು. ಬೀಗರೆಲ್ಲ ಕುಳಿತಿದ್ದಾಗ ಮಾಸ್ತರು ಆ ಹಣ್ಣನ್ನು ಬಿಚ್ಚಿ ತಂದು ನಡುಮನೆಯಲ್ಲಿಟ್ಟು, "ಯಾಕವ್ವಾ ಲಿಂಬಿಹಣ್ಣ, ನಿನ್ನ ಹತ್ರ ಲೈಸೆನ್ಸ್ ಐತೇನು?" ಎಂದು ಕೇಳಿದ್ದರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮರಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ಅತ್ತದ್ದನ್ನು ಪದ್ಮಾವತಿ ಒಬ್ಬಳೇ ಕಂಡಿದ್ದಳು. ಆ ನಗೆ ತನ್ನ ಮೇಲೆ ಒಂದು ದಿನವೂ ಬೀಳಬಾರದೆಂದು ಅಂದೇ ನಿಶ್ಚಯ ಮಾಡಿಕೊಂಡಿದ್ದಳು.

ಹಾಗಿದ್ದೂ ಅವಳೊಂದು ಕೆಲಸ ಮಾಡಿ ಕೂತಿದ್ದಳು.

ದಸರೆ ಮುಗಿದ ಮೇಲೆ ಕಚೇರಿಯ ಹೆಣ್ಣುಮಕ್ಕಳೆಲ್ಲ ಕೂಡಿ ಒಂದು ದಿನ ಮಸ್ಕಿಯ ಗುಡ್ಡಕ್ಕೆ ಬಂದಿದ್ದರು. ಮಲ್ಲಯ್ಯನ ಗುಡಿ ನೋಡಿ, ಎರಡನೇ ಕೋಡಿನ ತನಕ ನಡೆದು ಹೋದಾಗ, ಅಲ್ಲಿ ಆಚೆ ತುದಿಯ ಬಂಡೆಯ ತುಂಬ ಜನ ಪೇರಿಸಿಟ್ಟ ಸಣ್ಣ ಸಣ್ಣ ಕಲ್ಲುಗಳು. ಸ್ವಂತ ಮನೆ ಬೇಕೆಂದವರು ಗುಡ್ಡದ ಮೇಲೆ ಕಲ್ಲು ಪೇರಿಸುವುದು ಎಲ್ಲ ಕಡೆ ಇದ್ದದ್ದೇ. "ಇಡ್ರೀ ಪದ್ಮಕ್ಕಾ, ಏನ್ ಹೋಗ್ತೈತಿ? ಮೂರು ಕಲ್ಲ. ಕೆಳಗಿಂದು ಬುನಾದಿ, ನಡುವಿಂದು ಗ್ವಾಡಿ, ಮ್ಯಾಲಿಂದು ಮಾಳಿಗಿ. ಮಾಳಿಗಿ ಕಲ್ಲಿನ ಮಾರಿ ಮನಿ ಎಲ್ಲಿ ಬೇಕೋ ಆ ಕಡೆ ತಿರುಗಿಸಿ ಇಡ್ರಿ" ಎಂದು ಶಿವಬಸಮ್ಮ ಹುರುಪು ತುಂಬಿದಳು.

ಮನೆ ಎಂದರೆ ಪದ್ಮಾವತಿಗೆ ಎಂಥ ಹಸಿವಿತ್ತೆಂದು ಶಿವಬಸಮ್ಮನಿಗೇನು ಗೊತ್ತು. ಸಿಂಧನೂರಿನಲ್ಲಿ ಒಂಬತ್ತು ವರ್ಷಕ್ಕೆ ನಾಲ್ಕು ಬಾಡಿಗೆ ಮನೆ ಬದಲಿಸಿದ್ದರು. ಮೂರನೆಯ ಮನೆಯಲ್ಲಿ ಸಾಮಾನು ಇಳಿಸುವಾಗ ಬುದ್ಧನ ಫೋಟೋ ಕಂಡ ಮಾಲೀಕ, "ನೀವು ಯಾವ ಮಂದಿ?" ಎಂದು ಕೇಳಿದ. ಮರುದಿನವೇ ಅವನ ತಮ್ಮನ ಮಗ ಊರಿಗೆ ಬರುವವನಿದ್ದಾನೆಂಬ ನೆಪ ಬಂತು. ಲಾರಿಯಿಂದ ಇಳಿಸಿದ ಸಾಮಾನನ್ನು ಮತ್ತೆ ಲಾರಿಗೆ ಹಾಕುವಾಗ ಸಂಘಮಿತ್ರಾ, "ಅಮ್ಮಾ, ನಾವೇನು ತಪ್ಪು ಮಾಡೀವಿ?" ಎಂದು ಕೇಳಿದ್ದಳು. ಆ ಪ್ರಶ್ನೆ ಕೇಳಲಾಗದಂಥ ಒಂದು ಬಾಗಿಲು, ತಮ್ಮದೇ ಬಾಗಿಲು ಬೇಕಾಗಿತ್ತು ಅವಳಿಗೆ. ಗುಡ್ಡದ ಬುಡದಲ್ಲಿ ಹೊಸದಾಗಿ ಬಿದ್ದ ಲೇಔಟಿನ ಪ್ಲಾಟುಗಳು ಬಂಡೆಯ ತುದಿಗೆ ಹೋದರೆ ಮಾತ್ರ ಕಾಣುತ್ತಿದ್ದವು. ಅಂಜುಬುರುಕಿ, ಶಿವಬಸಮ್ಮನ ಕೈ ಹಿಡಿದುಕೊಂಡು, ಅರೆಗಣ್ಣು ಮುಚ್ಚಿ, ಕೊಳ್ಳಕ್ಕೆ ನಾಲ್ಕು ಹೆಜ್ಜೆ ಇರುವಾಗ ಕುಳಿತು ಮೂರು ಕಲ್ಲು ಪೇರಿಸಿದಳು. ಮೇಲಿನದಕ್ಕೆ ಉದ್ದನೆಯ ಕಲ್ಲೊಂದನ್ನು ಹುಡುಕಿ, ಅದರ ಮೂತಿಯನ್ನು ಲೇಔಟಿನ ಕಡೆಗೆ ತಿರುಗಿಸಿ, ತನ್ನ ಕೈಯ ಹಸಿರು ಬಳೆಯ ಒಂದು ಚೂರನ್ನು ಅದರಡಿ ಸಿಕ್ಕಿಸಿದಳು. ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ.

ಈಗ ಅದೇ ಗುಡ್ಡ. ಬುಡದಲ್ಲಿ, ಅಶೋಕನ ಶಾಸನವಿದ್ದ ಉದ್ಯಾನದ ಬೇಲಿಯ ಬಳಿ ಬೀರಲಿಂಗ ಎಂಬ ಕುರಿಗಾರ ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದ. ಇನ್ನೂ ನಸುಕು. ಮಾಸ್ತರನ್ನು ಕಂಡು ಎದ್ದು ನಿಂತ.

"ಮಾಸ್ತರಾ, ಈ ಹೊತ್ತಿನ್ಯಾಗ ಮ್ಯಾಲೆ ಹೊಂಟ್ರೇನ್ರಿ? ಬ್ಯಾಡ್ರಿ. ಎರಡು ದಿನದಿಂದ ಮಂಜ ಬೀಳಾಕತ್ತೈತಿ. ಸೀತಾಫಲ ಗಿಡದಾಗ ಕರಡಿ ಹೆಜ್ಜಿನೂ ಕಂಡೀನಿ. ಇಲ್ಲಾಂದ್ರ ತಡೀರಿ, ಆಡು ಬಿಟಗೊಂಡು ನಾನೂ ಬರ್ತೀನಿ."

ಪದ್ಮಾವತಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆದರಿದವರ ಮೇಲೆ ಹಾವು ಎಸೆದಂತೆ, ಮಂಜು ಸಾಲದೆಂದು ಕರಡಿ ಬೇರೆ! "ಮಾವಾರ, ತಡದು ಹೋಗೂಣಲ್ರೀ" ಎಂದಳು.

ಮಾಸ್ತರು ನಕ್ಕರು. "ಬೀರಲಿಂಗಾ, ನೀ ಹುಟ್ಟೂಕಿಂತ ಮೊದಲು ಈ ಗುಡ್ಡ ತಿರಗ್ಯಾಡೀನಿ. ನನಗ ದಾರಿ ತೋರಸ್ತಿಯೇನಪಾ? ಪದ್ಮವ್ವಾ, ನೀ ಅಂಜಿದ್ರ ಇಲ್ಲೇ ಕೂಡು. ನಾನೂ ನನ್ನ ಮೊಮ್ಮಗಳೂ ಹೋಗಿ ಬರ್ತೀವಿ."

ಮಗಳನ್ನು ಕಳಿಸಿ ತಾನು ಕೂಡುವುದೆಂದರೇನು? ಅವಳೂ ಹೆಜ್ಜೆ ಕಿತ್ತಿಟ್ಟಳು.

ಮಲ್ಲಯ್ಯನ ಗುಡಿಯ ತನಕ ಮೆಟ್ಟಿಲು. ಅಲ್ಲಿಂದಾಚೆ ಬರೀ ಬಂಡೆ. ಆನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಕುಳಿತು, ಇವತ್ತೋ ನಾಳೆಯೋ ಉರುಳುತ್ತೇವೆ ಎಂಬಂತೆ ಬಾಗಿ ನಿಂತಿದ್ದವು. ಅವುಗಳ ಸಂದಿನಿಂದ ತಣ್ಣನೆ ಗಾಳಿ. ಎಲ್ಲೋ ಒಂದು ನವಿಲು ಕೂಗಿದರೆ ಪದ್ಮಾವತಿ ಮಗಳ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ, ಹುಡುಗಿ "ಅಮ್ಮಾ, ನವಿಲು ಬೇ ಅದು!" ಎಂದು ಕೈ ಜಗ್ಗಿಕೊಂಡು ತಾತನ ಹತ್ತಿರ ಓಡಿತು.

"ಸಂಗೂ, ಇಲ್ಲಿ ನೋಡು" ಎಂದು ಮಾಸ್ತರು ದಾರಿಬದಿಯ ಒಂದು ಬಂಡೆ ತೋರಿಸಿದರು. ಅದರ ಮೇಲೆ ಮೂರು ಕಲ್ಲು ಪೇರಿಸಿತ್ತು. "ಇದು ಆಡು ಕಾಯೋರ ಗುರುತು. ಬಂಡಿ ಮ್ಯಾಲೆ ಹೆಜ್ಜಿ ಮೂಡಂಗಿಲ್ಲಲ, ಅದಕ್ಕ. ಮ್ಯಾಲಿನ ಕಲ್ಲಿಗೆ ಮೂತಿ ಇರ್ತೈತಿ. ಮೂತಿ ಯಾವ ಕಡೆ ಐತೋ ಆ ಕಡೆ ಹತ್ತು ಹೆಜ್ಜಿ. ಅಲ್ಲಿ ಮತ್ತ ಮೂರು ಕಲ್ಲ. ಕಣ್ಣು ಕಟ್ಟಿ ಬಿಟ್ರೂ ಊರು ಮುಟ್ತೀವಿ."

ಪದ್ಮಾವತಿ ನಿಂತು ಆ ಕಲ್ಲುಗಳನ್ನೇ ನೋಡಿದಳು. ತನ್ನವೂ ಮೂರು. ತನ್ನದಕ್ಕೂ ಮೂತಿ. ಹೇಳಿಬಿಡಲೇ ಎಂದುಕೊಂಡಳು. ಏನೆಂದು ಹೇಳುವುದು? ಮಾವಾರ, ನಾನೂ ಕಲ್ಲು ಪೇರಿಸಿದ್ದೇನೆ, ಬಳೆ ಚೂರು ಇಟ್ಟಿದ್ದೇನೆ ಎಂದೇ? ಬರುವ ಯುಗಾದಿಗೆ ಬೀಗರೆಲ್ಲ ಕೂತಾಗ, "ಯಾಕವ್ವಾ ಬಳಿ ಚೂರ, ಮನಿ ಕಟ್ಟಾಕ ಬರ್ತೈತೇನು ನಿನಗ?" ಎಂಬ ಮಾತು ಕಿವಿಗೆ ಈಗಲೇ ಕೇಳಿಸಿತು. ತನ್ನ ಕಲ್ಲು ಇರುವುದು ಕೋಡಿನ ಆಚೆ ತುದಿಗೆ, ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿ ಸುಮ್ಮನಾದಳು.

ಎರಡನೇ ಕೋಡು ಮುಟ್ಟಿದಾಗ ಪೂರ್ವಕ್ಕೆ ಕೆಂಪು ಹರಡಿತ್ತು. ಎಂಥ ನೋಟ ಅದು! ಒಂದು ಕಡೆ ಕಪ್ಪು ಹೊಲ, ತೊಗರಿ, ಜಾಲಿ. ಇನ್ನೊಂದು ಕಡೆ ಜವಳಗೇರಾದ ತನಕ ಕಾಲುವೆ ನೀರಿನ ಗದ್ದೆ. ಕೆಳಗೆ ಮಸ್ಕಿ ಊರು, ಆಟಿಕೆಯಂಥ ಬಸ್ಸು. ಮಾಸ್ತರು ಕೈಮುಗಿದು ಮೆಲ್ಲಗೆ ಬುದ್ಧವಂದನೆ ಹೇಳಿದರು. ಹುಡುಗಿ ದನಿಗೂಡಿಸಿದಳು. ಪದ್ಮಾವತಿಗೂ ಒಂದು ಗಳಿಗೆ ಅಂಜಿಕೆ ಮರೆತೇ ಹೋಯಿತು.

ಸೂರ್ಯ ಗೇಣುದ್ದ ಏರಿದ್ದನೋ ಇಲ್ಲವೋ, ಗದ್ದೆಯ ಕಡೆಯಿಂದ ಮಂಜು ಎದ್ದಿತು. ಮೊದಲು ಕಾಲುವೆ ಕಾಣೆಯಾಯಿತು. ಆಮೇಲೆ ಜಾಲಿ ಗಿಡ. ಆಮೇಲೆ ಊರು. "ಅರೆ! ನಮ್ಮ ಕಾಲದಾಗ ಇಷ್ಟು ಮಂಜ ಬೀಳ್ತಿದ್ದಿಲ್ಲಲ್ಲ" ಎಂದು ಮಾಸ್ತರು ಹೇಳಿ ಮುಗಿಸುವುದರೊಳಗೆ ಗುಡಿಯ ಕಡೆಗೂ ಬಿಳಿ ಗೋಡೆ ನಿಂತಿತು.

"ಇಳಿಯೂಣ ನಡೀರಿ. ಫಿಕೀರ್ ಮಾಡಬ್ಯಾಡ್ರಿ, ಗುರುತು ಅದಾವಲ್ಲ" ಎಂದರು.

ಹೊರಟರು. ಮುಂದೆ ತಾತ, ಮೊಮ್ಮಗಳು, ಹಿಂದೆ ಪದ್ಮಾವತಿ. ಬಂಡೆ ನೆನೆದು ಜಾರುತ್ತಿತ್ತು. ಇಪ್ಪತ್ತು ಹೆಜ್ಜೆ ನಡೆದಿರಬಹುದು, ಅವಳ ಚಪ್ಪಲಿಯ ಉಂಗುಟ ಕಿತ್ತು ಬಂತು. "ಒಂದು ಚಣ ನಿಂದರ್ರಿ" ಎಂದು ಕುಳಿತು, ಸೆರಗಿನ ಪಿನ್ನು ತೆಗೆದು ಅದನ್ನು ಸಿಕ್ಕಿಸುವುದರಲ್ಲಿ ಬಿದ್ದಳು. "ಮುಂದಿನ ಗುರುತಿನ ಹತ್ರ ನಿಂತಿರ್ತೀವಿ, ಬಾ" ಎಂದು ಮಾವನ ದನಿ ಬಂತು. ತಲೆ ಎತ್ತಿದರೆ ಯಾರೂ ಇಲ್ಲ. ಚಾಚಿದ ಕೈ ತನಗೇ ಕಾಣದಷ್ಟು ಮಂಜು.

"ಸಂಗೂ!"

"ಇಲ್ಲದೀವಿ ಅಮ್ಮಾ!" ದನಿ ಎಡಕ್ಕೆ ಬಂತೋ ಬಲಕ್ಕೆ ಬಂತೋ ತಿಳಿಯಲಿಲ್ಲ.

ಎದ್ದಳು. ನಾಲ್ಕು ಹೆಜ್ಜೆ ಇಟ್ಟಳು. ಕಾಲಡಿ ಬಂಡೆ ಇಳಿಜಾರಾಗುತ್ತಿದೆ ಎನ್ನಿಸಿ ಮತ್ತೆ ನಿಂತಳು. ಬರುವಾಗ ಇಳಿಜಾರು ಇಲ್ಲಿ ಇರಲಿಲ್ಲವಲ್ಲ? ತಾವು ಗುಡಿಯ ಕಡೆ ಹೊರಟಿದ್ದೇವೋ ಇಲ್ಲ... ಅಷ್ಟರಲ್ಲಿ ಮಗಳ ದನಿ ಗಂಟೆಯಂತೆ ಕೇಳಿಸಿತು.

"ತಾತಾ, ಸಿಕ್ತು! ಮೂರು ಕಲ್ಲ!"

"ಶಾಭಾಸ್! ಮ್ಯಾಲಿನ ಕಲ್ಲು ಹೆಂಗೈತಿ ನೋಡು."

"ಉದ್ದ ಐತಿ. ಮೂತಿ ಈ ಕಡೆ ಐತಿ. ತಾತಾ, ಅದರ ಬುಡಕ ಬಳಿ ಚೂರು ಐತಿ ನೋಡು. ಹಸರಂದು, ನಮ್ಮಮ್ಮನ ಬಳಿ ಇದ್ದಂಗ!"

ಹಸಿರು ಬಳೆ. ನಾಲ್ಕು ಹೆಜ್ಜೆ. ಆಮೇಲೆ ಕೊಳ್ಳ. ಪದ್ಮಾವತಿಗೆ ಅಂದು ಅರೆಗಣ್ಣಿನಲ್ಲಿ ಕಂಡದ್ದೆಲ್ಲ ಈಗ ಆ ಬಿಳಿ ಕತ್ತಲಲ್ಲಿ ಪೂರ್ತಿ ಕಂಡಿತು. ಬಂಡೆ ಅಲ್ಲಿ ದುಂಡಗೆ ಬಾಗಿ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲದೆ, ನೆಟ್ಟಗೆ ಕೆಳಕ್ಕೆ ಇಳಿದಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಮುಚ್ಚಿಟ್ಟರೆ ಕಥೆಗೆ ಅರ್ಥವಿಲ್ಲ. ಅವಳು ತಕ್ಷಣ ಕೂಗಲಿಲ್ಲ. ಬಾಯಿ ತೆರೆದಳು, ಮಾತು ಗಂಟಲಿನ ತನಕ ಬಂತು, ಅಲ್ಲಿ ನಿಂತಿತು. ಅಂಥ ಹೊತ್ತಿನಲ್ಲೂ ಆ ಲಿಂಬೆಹಣ್ಣು, ಆ ಬೀಗರ ನಗೆ ಅವಳ ಕಣ್ಣಮುಂದೆ ಬಂದವು. ಏನಾದರೂ ಬೇರೆ ಹೇಳಿ ನಿಲ್ಲಿಸಬಹುದಲ್ಲ ಎಂದು ಆ ಹಾಳು ಬುದ್ಧಿ ಹುಡುಕಿತು. ಹುಡುಕಿದ್ದು ಎರಡು ಉಸಿರಿನಷ್ಟು ಹೊತ್ತು, ಮೂರು ಇರಬಹುದು.

"ಮಾವಾರಾ, ನಿಂದರ್ರಿ!"

"ಯಾಕವ್ವಾ?"

"ಕರಡಿ! ಕರಡಿ ಸಪ್ಪಳ ಬರಾಕತ್ತೈತ್ರೀ!"

ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಬೇಕು ಎನ್ನುತ್ತಾರೆ. ಇವಳು ಹಾಗೆಯೇ ಹೇಳಿಬಿಟ್ಟಳು. ಮುದುಕರು ನಂಬಿದರು. ಬೀರಲಿಂಗ ಬೆಳಗ್ಗೆಯೇ ಕರಡಿಯ ಹೆಜ್ಜೆಯ ಸುದ್ದಿ ಹೇಳಿದ್ದನಲ್ಲ! ಸೊಸೆ ಹಿಂದಿನಿಂದ ಕೂಗುತ್ತಿದ್ದಾಳೆಂದರೆ ಕರಡಿ ಹಿಂದೆಯೇ ಇರಬೇಕು. ಹಿಂದೆ ಕರಡಿ ಇದ್ದರೆ ಯಾರಾದರೂ ಏನು ಮಾಡುತ್ತಾರೆ? ಕೂಸನ್ನು ಎಳೆದುಕೊಂಡು ಮುಂದಕ್ಕೆ ಓಡುತ್ತಾರೆ.

"ಪದ್ಮವ್ವಾ, ಬಂಡಿ ಹತ್ತಿ ಕೂಡು! ಅಲುಗಾಡಬ್ಯಾಡ! ಹುಡುಗೀನ ಪಾರು ಮಾಡಿ ಹೊಳ್ಳಿ ಬರ್ತೀನಿ. ಸಂಗೂ, ಕೈ ಹಿಡಿ, ಲಗೂನ. ಮೂತಿ ಕಡೆ ಹತ್ತೇ ಹೆಜ್ಜಿ. ಒಂದು..."

"ಮಾವಾರಾ!"

"ಎರಡು..."

ಆಗ ಒಡೆಯಿತು ಅವಳ ಗಂಟಲು. ಹುಟ್ಟಿದಾಗಿನಿಂದ ಅಂಥ ದನಿ ಅವಳ ಬಾಯಿಂದ ಬಂದಿರಲಿಲ್ಲ.

"ಆ ಕಲ್ಲು ನನ್ನವ್ರೀ! ನಾನಾ ಇಟ್ಟೀನ್ರೀ, ಮನಿ ಆಗ್ಲಿ ಅಂತ ನಾನಾ ಪೇರಿಸೀನ್ರೀ! ದಾರಿ ಅಲ್ರೀ ಅದು, ಮುಂದ ಕೊಳ್ಳ ಐತಿ! ಮಾವಾರಾ, ಕೊಳ್ಳ! ಬಳಿ ನಂದ್ರೀ!"

ಮೂರು ಎಂಬ ದನಿ ಬರಲಿಲ್ಲ. ಚರ್ರೆಂದು ಏನೋ ಜಾರಿದ ಸಪ್ಪಳ ಬಂತು. ಹುಡುಗಿಯ ಅರ್ಧ ಕಿರುಚಾಟ. ಆಮೇಲೆ ಏನೂ ಇಲ್ಲ. ಏನೂ ಇಲ್ಲ ಅಂದರೆ ಏನೂ ಇಲ್ಲ. ಗಾಳಿಯೂ ನಿಂತಿತ್ತು. ಬಹಳ ಹೊತ್ತಿನ ಮೇಲೆ, ಬಹಳ ಕೆಳಗೆ, ಏನೋ ಬಿದ್ದು ಪುಟಿದು ಮತ್ತೆ ಬಿದ್ದ ಸದ್ದು ಕೇಳಿಸಿತು.

"ಸಂಗೂ" ಎಂದಳು. ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ. "ಸಂಗೂ... ಮಾವಾರ..."

ಉತ್ತರವಿಲ್ಲ. ಪದ್ಮಾವತಿ ಕೂಸಿನಂತೆ ಅಂಬೆಗಾಲಿಟ್ಟಳು. ಮೊಣಕಾಲು ತರಚಿತು, ಸೀರೆ ಹರಿಯಿತು, ಅವಳಿಗೆ ಅದೊಂದೂ ತಿಳಿಯಲಿಲ್ಲ. ಅಂಗೈಯಿಂದ ಬಂಡೆಯನ್ನು ಸವರುತ್ತ, ಸವರಿದಷ್ಟು ಇದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೊಂದು ಗೇಣು ತೆವಳುತ್ತ ಹೋದಳು. ಭಗವಂತಾ, ಬುದ್ಧಾ, ಮಲ್ಲಯ್ಯಾ, ಯಾರಿದ್ದೀರೋ ಅವರು, ಮನಿ ಬ್ಯಾಡ, ಬಾಗಲಾ ಬ್ಯಾಡ, ಜೀವಮಾನವೆಲ್ಲ ಲಾರಿಯಲ್ಲೇ ಸಾಮಾನು ಹೊರುತ್ತೇನೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಕೈಗೆ ಮೊದಲು ಸಿಕ್ಕಿದ್ದು ಅವಳ ಕಲ್ಲುಗಳೇ. ಬುನಾದಿ, ಗೋಡೆ, ಮಾಳಿಗೆ. ಒಂದೂ ಅಲುಗಿರಲಿಲ್ಲ.

ಅದರಾಚೆಗೆ ಒಂದು ಹೆಜ್ಜೆಗೆ ಬಟ್ಟೆ ಸಿಕ್ಕಿತು. ಮಾವನ ಶರ್ಟಿನ ಬೆನ್ನು. ಮುದುಕರು ಬಂಡೆಯ ಮೇಲೆ ಕುಂಡೆಯೂರಿ ಕುಳಿತು, ಒಂದು ಕಾಲನ್ನು ಇಳಿಜಾರಿಗೆ ಚಾಚಿ, ಮೊಮ್ಮಗಳನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದರು. ಹುಡುಗಿ ಅವರ ಅಂಗಿಯಲ್ಲಿ ಮುಖ ಹುಗಿದಿತ್ತು. ಇಬ್ಬರೂ ಇದ್ದರು. ಇಬ್ಬರೂ ಉಸಿರಾಡುತ್ತಿದ್ದರು.

"ಹಿಂದಕ ಸರೀರಿ ಮಾವಾರ. ಕುಂತ ಕುಂತಲ್ಲೇ ಸರೀರಿ. ನಾ ಹಿಡದೀನಿ."

ಮಾಸ್ತರು ಸೊಸೆ ಜಗ್ಗಿದಂತೆ ಸರಿದರು. ಮೂವರೂ ಒಂದು ಬಂಡೆಗೆ ಬೆನ್ನು ಕೊಟ್ಟು, ಒಬ್ಬರ ಮೈಗೊಬ್ಬರು ಅಂಟಿ ಕುಳಿತರು. ಪದ್ಮಾವತಿ ಮಾವನ ಬಾಯಿಂದ ನಗೆಯನ್ನು ಕಾಯ್ದಳು, ಬೈಗುಳವನ್ನು ಕಾಯ್ದಳು. ಯಾವುದೂ ಬರಲಿಲ್ಲ.

ಮಂಜು ಕರಗಲು ಒಂದು ತಾಸು ಹಿಡಿಯಿತು. ಆ ಒಂದು ತಾಸಿನಲ್ಲಿ ಯಾರೂ ಕಾಲು ಚಾಚಲಿಲ್ಲ. ಬಿಸಿಲು ಬಿದ್ದಾಗ ಕಂಡಿತು. ಮಾಸ್ತರ ಹಿಮ್ಮಡಿ ಬಂಡೆಯ ಹಸಿ ಪಾಚಿಯ ಮೇಲೆ ಉದ್ದಕ್ಕೆ ಎಳೆದ ಗೆರೆ. ಆ ಗೆರೆ ಮುಗಿದಲ್ಲಿಂದ ಒಂದೂವರೆ ಗೇಣಿಗೆ ಬಂಡೆ ಮುಗಿದಿತ್ತು. ಅವರ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಕೆಳಗೆ ಹುಡುಕಿದರೂ ಕಾಣಲಿಲ್ಲ. ಕಂಡದ್ದು ಲೇಔಟು. ಬಿಳಿ ಗಡಿಕಲ್ಲುಗಳು ಸಾಲಾಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಪದ್ಮಾವತಿ ಅಂಚಿಗೆ ನಿಂತು, ಕಣ್ಣು ಮುಚ್ಚದೆ ಅದನ್ನು ನೋಡಿದಳು. ನೋಡಿ, ಬಂಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡಳು.

ಕೆಳಗಿನಿಂದ ಸಿಳ್ಳು ಕೇಳಿಸಿತು. ಬೀರಲಿಂಗ ಆಡು ಬಿಟ್ಟು ಹುಡುಕುತ್ತ ಬಂದಿದ್ದ. ಇವರು ಕುಳಿತ ಜಾಗ ಕಂಡು ಲಗುಬಗೆಯಿಂದ ಹತ್ತಿರ ಬಂದ.

"ಏನ್ರೀ ಮಾಸ್ತರಾ, ಇಲ್ಲಿಗೆ ಯಾಕ ಬಂದ್ರಿ? ಗುಡಿ ದಾರಿ ಆ ಕಡೆ ಅಲ್ರೇನು?"

"ಗುರುತು ಹಿಡಕೊಂಡು ಬಂದೆ" ಎಂದರು ಮಾಸ್ತರು. ಇಷ್ಟು ಹೊತ್ತಿನಲ್ಲಿ ಅವರು ಆಡಿದ ಮೊದಲ ಮಾತು ಅದು.

"ಮೂರು ಕಲ್ಲಿನ ಗುರುತೇನ್ರಿ? ಅಯ್ಯಯ್ಯ, ಅದನ್ನ ನಾವು ಬಿಟ್ಟು ನಾಕು ವರ್ಷಾತ್ರಿ! ಗುಡ್ಡ ಹತ್ತಿದವ್ರೆಲ್ಲ ಮನಿ ಮನಿ ಅಂತ ಕಲ್ಲು ಪೇರಸಾಕತ್ತಿದ್ರು, ನಮ್ಮದ್ಯಾವುದು ಅವರದ್ಯಾವುದು ತಿಳೀಲಾರದಂಗಾತು. ಈಗ ಗಿಡಕ್ಕ ಕೆಂಪು ಅರಬಿ ತುಂಡು ಕಟ್ತೀವಿ. ನನ್ನೊಂದು ಮಾತು ಕೇಳಿದ್ರ ಹೇಳ್ತಿದ್ನಲ್ರೀ."

ಮಾಸ್ತರು ತಲೆ ತಗ್ಗಿಸಿದರು. ಪದ್ಮಾವತಿ ಹೋಗಿ ತನ್ನ ಮೂರು ಕಲ್ಲುಗಳನ್ನು ಕಾಲಿನಿಂದ ಕೆಡವಿದಳು. ಅಕ್ಕಪಕ್ಕ ಬೇರೆಯವರ ಕಲ್ಲುಗಳು ಇನ್ನೂ ಹತ್ತಾರು ನಿಂತಿದ್ದವು. ಯಾರ್ಯಾರದೋ ಮನೆಗಳು. ಅವನ್ನೂ ಒಂದೊಂದಾಗಿ ಕೆಡವುತ್ತ ಹೋದಳು. ಬೀರಲಿಂಗ ಬಂದು ರಟ್ಟೆ ಹಿಡಿದು, "ಸಾಕು ನಡೀರೆವ್ವಾ, ಅವನ್ನೆಲ್ಲ ನಾ ನೋಡ್ಕೋತೀನಿ" ಎಂದು ಕರೆದುಕೊಂಡು ಬರಬೇಕಾಯಿತು.

ಬರಿಗಾಲಿನ ಮುದುಕರನ್ನು ಬೀರಲಿಂಗ ಹೆಗಲು ಕೊಟ್ಟು ಇಳಿಸಿದ. ಬುಡದ ಉದ್ಯಾನ ಮುಟ್ಟಿದಾಗ ಬಿಸಿಲು ಏರಿತ್ತು. ಶಾಸನದ ಬಂಡೆಯ ಮುಂದೆ, ಬೇಲಿಯ ಹೊರಗೆ, ನೆರಳಿನಲ್ಲಿ ಕುಳಿತರು. ಬುತ್ತಿಯ ಗಂಟು ಯಾರೂ ಬಿಚ್ಚಲಿಲ್ಲ. ಪ್ರತಿ ವರ್ಷ ಇಲ್ಲಿ ನಿಂತು ಮಾಸ್ತರು ಶಾಲೆಯ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದರು: ಇಲ್ಲಿ ರಾಜ ಬರೆಸಿದ್ದು ಇಷ್ಟೇ, ಧರ್ಮ ದೊಡ್ಡವರದಷ್ಟೇ ಅಲ್ಲ, ಸಣ್ಣವರದೂ ಹೌದು. ಇಂದು ಮೊಮ್ಮಗಳಿಗೆ ಹೇಳಬೇಕೆಂದೇ ಬಂದವರು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಸಂಘಮಿತ್ರಾ.

"ಅಮ್ಮಾ, ಅವು ನಿನ್ನ ಕಲ್ಲಂತ ನಿನಗ ಗೊತ್ತಿತ್ತಲ?"

"ಹೂಂ."

"ನಾ ಬಳಿ ಚೂರು ಅಂದ ಕೂಡ್ಲೇ ಗೊತ್ತಾತಲ?"

"ಹೂಂ ಅವ್ವಾ."

"ಮತ್ತ ಕರಡಿ ಅಂತ ಯಾಕ ಒದರಿದಿ? ಕರಡಿ ಇದ್ದಿಲ್ಲಲ? ಕಲ್ಲು ನಂದು ಅಂತ ಆವಾಗ್ಲೇ ಯಾಕ ಅನ್ನಲಿಲ್ಲ?"

ಪದ್ಮಾವತಿ ಮಗಳ ಮುಖ ನೋಡಿದಳು. ಇನ್ನೊಂದು ಸುಳ್ಳು ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಅಂಜಿದ್ನೆವ್ವಾ" ಎಂದಳು.

"ಯಾರಿಗೆ? ಕೊಳ್ಳಕ್ಕಾ?"

"ಅಲ್ಲ. ನಿಮ್ಮ ತಾತಗ."

ಹುಡುಗಿ ತಾತನ ಕಡೆ ತಿರುಗಿ ನೋಡಿತು. ವಿರೂಪಾಕ್ಷಪ್ಪ ಬಂಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿ, ಯಾರೂ ಯಾರಿಗೂ ಅಂಜಬಾರದು ಎಂದು ಊರೂರು ತಿರುಗಿ ಭಾಷಣ ಮಾಡಿದ ಬಾಯಿ, ತೆರೆದು ಮುಚ್ಚಿ, ತೆರೆದು ಮುಚ್ಚಿ ಕಡೆಗೆ ಸುಮ್ಮನಾಯಿತು. ಅವರು ಬಗ್ಗಿ, ನೆಲ ತಡವಿ, ಮೂರು ಕಲ್ಲು ಆರಿಸಿದರು. ಎರಡು ಚಪ್ಪಟೆ, ಒಂದು ಉದ್ದ. ಸೊಸೆಯ ಮುಂದೆ ಕೈ ಚಾಚಿದರು. ಕಣ್ಣಲ್ಲಿ ನೀರು ನಿಂತಿತ್ತು.

"ತೊಗೋ ಪದ್ಮವ್ವಾ. ನಿನ್ನ ಮನಿ ಕೆಡವಿ ಬಂದಿ. ಇಲ್ಲಿ ಇಡು. ನಾ ನಗಂಗಿಲ್ಲ. ಇಲ್ಲಿ ಇಟ್ರ ಯಾರೂ ಬೀಳಂಗಿಲ್ಲ."

ಪದ್ಮಾವತಿ ಕೈ ಚಾಚಿದಳು. ಚಾಚಿದ ಕೈ ಆ ಕಲ್ಲನ್ನು ಮುಟ್ಟಿದ ಕೂಡಲೇ ಚರ್ರೆಂಬ ಆ ಜಾರಿದ ಸಪ್ಪಳ ಕಿವಿಯಲ್ಲಿ ಎದ್ದಿತು. ಕೈ ಹಿಂದೆಳೆದುಕೊಂಡಳು. ಮಾವ ಕೈ ಹಿಂದೆ ತೆಗೆಯಲಿಲ್ಲ, ಸೊಸೆ ಮತ್ತೆ ಮುಂದೆ ಮಾಡಲಿಲ್ಲ.

ನಡುವೆ ಬಂದವಳು ಸಂಘಮಿತ್ರಾ. ಬೆಳಗ್ಗೆ ನವಿಲಿಗೆ ಅಂಜಿದ ಅಮ್ಮನಿಂದ ಕೈ ಜಗ್ಗಿಕೊಂಡು ಓಡಿದ್ದ ಹುಡುಗಿ. ತಾತನ ಅಂಗೈಯಿಂದ ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಂಡು, ಬೇಲಿಯ ಬುಡದಲ್ಲಿ ನೆಲಕ್ಕೆ ಇಟ್ಟಳು. ಒಂದನ್ನು ಇಲ್ಲಿ, ಒಂದನ್ನು ಅಲ್ಲಿ, ಉದ್ದನೆಯದನ್ನು ಅವೆರಡರಿಂದ ದೂರ. ಒಂದರ ಮೇಲೊಂದು ಇಡಲಿಲ್ಲ. ಇಟ್ಟ ಮೇಲೂ ಹಿಂದೆ ಹಿಂದೆ ಸರಿಯುತ್ತ, ಅವುಗಳ ಮೇಲಿನ ಕಣ್ಣು ತೆಗೆಯದೆ ಬಂದು, ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.